ನೆಟ್ಟಿನ ಎಡಗಡೆಯ ಜಾಗ

9 ಜುಲೈ 2006, ರವಿವಾರ

ಎಡಗಾಲಿಗೆ ಮೊಣಕಾಲಿನ ಕೆಳಗಿನಿಂದ ಬೆರಳಿನ ತನಕ ಪ್ಲಾಸ್ಟರ್. ಒಳಗೆ ತುರಿಕೆ. ಅವ್ವನ ಸ್ವೆಟರ್ ಕಡ್ಡಿ ತೂರಿಸಿ ತುರಿಸಿಕೊಂಡಿದ್ದಕ್ಕೆ ಬೆಳಿಗ್ಗೆಯೇ ಬೈಸಿಕೊಂಡಾಯಿತು. ಬೇರೆ ಕೆಲಸವಿಲ್ಲ, ಅದಕ್ಕೇ ಹೊಸ ವರ್ಷಕ್ಕೆ ಅಪ್ಪ ದಲಾಲಿ ಅಂಗಡಿಯಿಂದ ತಂದಿದ್ದ ಡೈರಿ ಹಿಡಿದು ಕೂತಿದ್ದೇನೆ. ಇದನ್ನು ನನ್ನ ಬಿಟ್ಟು ಯಾರೂ ಓದಬಾರದು.

ಆದದ್ದು ಇಷ್ಟು. ಶುಕ್ರವಾರ ಸಂಜೆ ರುದ್ರಮುನಿ ಸರ್, ನಮ್ಮ ಪಿ.ಟಿ. ಮಾಸ್ತರು, ಹತ್ತನೇ ತರಗತಿಯವರಿಗೂ ಒಂಬತ್ತನೆಯವರಿಗೂ ವಾಲಿಬಾಲ್ ಪ್ರ್ಯಾಕ್ಟೀಸ್ ಮ್ಯಾಚ್ ಇಟ್ಟಿದ್ದರು. ನಾನು ನೆಟ್ಟಿನ ಎಡಗಡೆ ನಿಲ್ಲುವವಳು. ಸ್ಮ್ಯಾಶ್ ಹೊಡೆಯುವ ಜಾಗ ಅದು, ಎರಡು ವರ್ಷದಿಂದ ನನ್ನದು. ಕೈಸರ ಚೆಂಡು ಎತ್ತಿಕೊಟ್ಟಳು. ಅವಳು ಎತ್ತಿಕೊಟ್ಟರೆ ಚೆಂಡು ಮೇಲೆ ನನಗಾಗಿ ಒಂದು ಗಳಿಗೆ ಕಾಯುತ್ತದೆ. ಹಾರಿದೆ, ಹೊಡೆದೆ, ಪಾಯಿಂಟೂ ಬಂತು. ಇಳಿಯುವಾಗ ಮಾತ್ರ ಕೆಳಗೆ ನೆಲ ಇರಲಿಲ್ಲ, ಒಂದು ಕಾಲಿತ್ತು. ಆಚೆ ಕಡೆಯಿಂದ ತಡೆಯಲು ಬಂದ ಒಂಬತ್ತನೆಯ ಒಬ್ಬ ಉದ್ದನೆ ಹುಡುಗಿ ತನ್ನ ಕಾಲನ್ನು ನೆಟ್ಟಿನ ಕೆಳಗೆ ನಮ್ಮ ಕಡೆ ತೂರಿಸಿಬಿಟ್ಟಿದ್ದಳು. ಅದರ ಮೇಲೆ ನನ್ನ ಪಾದ ಹೊರಳಿತು. ಟಕ್ ಅಂದದ್ದು ನನ್ನ ಕಿವಿಗೇ ಕೇಳಿಸಿತು. ಅವಳಿಗೆ ಏನೂ ಆಗಲಿಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ನಿನ್ನೆ ರಾಣೆಬೆನ್ನೂರಿನ ಎಲುಬಿನ ಡಾಕ್ಟರು ಫೋಟೋ ತೆಗೆದು, ಸಣ್ಣ ಬಿರುಕು ಅಂದರು. ಪಂಚಮಿ ಕಳೆದು ಧ್ವಜ ಹಾರಿಸುವ ಹೊತ್ತಿಗೆ ಪ್ಲಾಸ್ಟರ್ ಬಿಚ್ಚುತ್ತಾರಂತೆ.

"ಸೆಪ್ಟೆಂಬರ್‌ನಾಗ ಹಾವೇರಿಯೊಳಗ ಜಿಲ್ಲಾ ಮ್ಯಾಚ್ ಅದಾವ್ರಿ. ಆಡಬಹುದಿಲ್ರಿ?" ಅಂತ ಕೇಳಿದೆ.

"ಮೊದಲ ನಡಿ, ಆಮ್ಯಾಲ ಓಡು, ಆಮ್ಯಾಲ ಹಾರು. ಎಲ್ಲಾ ಒಮ್ಮೆಲೇ ಮಾಡಾಕ ಹೋಗಬ್ಯಾಡ" ಅಂದರು.

ಅವರಿಗೇನು, ಹೇಳುತ್ತಾರೆ. ನಾನು ಹತ್ತನೇ ತರಗತಿ. ಮುಂದಿನ ವರ್ಷ ನನಗೆ ಈ ಶಾಲೆಯೂ ಇಲ್ಲ, ಈ ತಂಡವೂ ಇಲ್ಲ. ಹೋದ ವರ್ಷ ಹಾವೇರಿಯ ಫೈನಲನ್ನು ಕಟ್ಟೆಯ ಮೇಲೆ ಕೂತು ಶೇಂಗಾ ತಿನ್ನುತ್ತ ನೋಡಿ ಬಂದಿದ್ದೆವು. ಈ ಸಲ ಆಡಲೇಬೇಕು ಅಂತ ಕೈಸರ, ಭುವನಾ, ನಾನು ಮೂವರೂ ಆಣೆ ಮಾಡಿದ್ದೆವು.

ಅವ್ವನ ತವರು ಹೊಳೆದಂಡೆಯ ಐರಣಿ. ತುಂಗಭದ್ರೆಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳು ಅಂತ ನನಗೆ ಹೊಳಿಯವ್ವ ಅನ್ನುವ ಅಜ್ಜಿ ಕಾಲದ ಹೆಸರಿಟ್ಟಿದ್ದಾರೆ. ಇವತ್ತು ಆಯಿ, ಅಂದರೆ ನಮ್ಮಪ್ಪನ ಅವ್ವ, ನನ್ನನ್ನು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಳು: "ನಮ್ಮನಿ ಹೊಳಿ ಹರಿಯೂದು ಬಿಟ್ಟು ಮಂಚದ ಮ್ಯಾಲ ಕುಂತೈತಿ ನೋಡ್ರಿ." ಎಲ್ಲರೂ ನಕ್ಕರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

17 ಜುಲೈ, ಸೋಮವಾರ

ಶಾಲೆಗೆ ಹೋದೆ. ಅಪ್ಪ ಸೈಕಲ್ ಮೇಲೆ ಬಿಟ್ಟು ಬಂದ. ಸಂಜೆ ಸರ್ ನನ್ನನ್ನು ಮೈದಾನದ ಕಟ್ಟೆಯ ಮೇಲೆ ಕೂರಿಸಿ, "ಸ್ಕೋರ್ ಬರಿ, ಖಾಲಿ ಕುಂತ್ರ ತಲಿ ಕೆಡ್ತೈತಿ" ಅಂದರು.

ಎಡಗಡೆಯ ಜಾಗಕ್ಕೆ ಯಾರನ್ನು ಹಾಕಿದ್ದಾರೆ? ಅದೇ ಹುಡುಗಿಯನ್ನು! ಗಾಯದ ಮೇಲೆ ಬರೆ ಅಂದರೆ ಇದೇ. ಹೆಸರು ಸಾನಿಯಾ ಅಂತೆ. ಬಿದಿರಿನ ಗಳದಂತೆ ಎತ್ತರ, ಸರ್ವ್ ಮಾಡಿದರೆ ಚೆಂಡು ಹೆಡ್‌ಮಾಸ್ತರರ ಕೋಣೆಯ ಕಡೆಗೆ. ಇಂಥವಳು ನನ್ನ ಜಾಗದಲ್ಲಿ.

ಆಟ ಮುಗಿದ ಮೇಲೆ ನನ್ನ ಹತ್ತಿರ ಬಂದು "ಅಕ್ಕಾ..." ಅಂದಳು. ನಾನು ಸ್ಕೋರ್ ಹಾಳೆಯನ್ನು ಬಹಳ ಕಾಳಜಿಯಿಂದ ಓದತೊಡಗಿದೆ. ಅವಳು ಸ್ವಲ್ಪ ಹೊತ್ತು ನಿಂತು ಹೋದಳು.

ಕೈಸರ ಅವಳಿಗೂ ನನಗೆ ಎತ್ತಿಕೊಟ್ಟಂತೆಯೇ ಚೆಂಡು ಎತ್ತಿಕೊಡುತ್ತಾಳೆ. ಇದು ನನಗೆ ಸೇರಲಿಲ್ಲ.

22 ಜುಲೈ, ಶನಿವಾರ

"ಮುರದದ್ದು ಕಾಲು, ಕೈ ಅಲ್ಲ. ನಡಿ ನನ್ನ ಜೋಡಿ" ಅಂತ ಆಯಿ ಮಧ್ಯಾಹ್ನ ನನ್ನನ್ನು ತನ್ನ ಕೆಲಸದ ಗೋದಾಮಿಗೆ ಕರೆದುಕೊಂಡು ಹೋದಳು. ಆಯಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಹೋಗುತ್ತಾಳೆ. ಬ್ಯಾಡಗಿಯ ಅರ್ಧ ಹೆಂಗಸರು ಹೋಗುತ್ತಾರೆ. ಕೋಲ್ಡ್ ಸ್ಟೋರೇಜಿನಿಂದ ಬಂದ ಕಾಯಿಯನ್ನು ಗುಡ್ಡೆ ಹಾಕಿಕೊಂಡು, ಒಂದೊಂದೇ ಎತ್ತಿ ತೊಟ್ಟು ಹಿಡಿದು ತಿರುವಿದರೆ ಪಟ್ಟನೆ ಬಿಡುತ್ತದೆ. ಆಯಿಯ ಕೈ ನೋಡುತ್ತ ಕೂತರೆ ತಲೆ ತಿರುಗುತ್ತದೆ. ಅವಳು ಕಾಯಿ ನೋಡುವುದೇ ಇಲ್ಲ, ಊರ ಸುದ್ದಿ ಹೇಳುತ್ತಲೇ ಇರುತ್ತಾಳೆ, ಕೈ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ.

ನನಗೆ ಮೊದಲು ಸೀನು ಬಂತು, ಆಮೇಲೆ ರೂಢಿಯಾಯಿತು. ಪಕ್ಕದಲ್ಲಿ ಕೂತಿದ್ದ ದಪ್ಪನೆ ಹೆಂಗಸು ತನ್ನ ಮುಂದಿನ ಗುಡ್ಡೆಯಿಂದ ಹಸನಾದ ಕಾಯಿಗಳನ್ನೇ ಆರಿಸಿ ನನ್ನ ಕಡೆ ಸರಿಸುತ್ತಿದ್ದರು. ಕಾಲಿನ ಕೆಳಗೆ ಖಾಲಿ ಚೀಲ ಮಡಚಿ ಇಟ್ಟರು. ನೀರು ತಂದು ಕೊಟ್ಟರು. ಎಷ್ಟು ಒಳ್ಳೆಯವರು ಅಂದುಕೊಂಡೆ. ಆಮೇಲೆ ಆಯಿ, "ಮುಮ್ತಾಜಬಿ, ನಿನ್ನ ಮಗಳು ಹೆಂಗ ಆಡಾಕತ್ತಾಳ?" ಅಂತ ಕೇಳಿದಾಗ ನನ್ನ ಕೈಯ ಕಾಯಿ ಕೈಯಲ್ಲೇ ಉಳಿಯಿತು. ಸಾನಿಯಾಳ ತಾಯಿ!

"ಏನ್ ಆಡ್ತಾಳ ಭರಮಕ್ಕ, ದಿನಾ ಬಂದು ಅಳತಾಳ" ಅಂದರು ಮುಮ್ತಾಜಬಿ. ನನ್ನ ಕಡೆ ತಿರುಗಿ, "ಬೇಟಿ, ಆಕಿ ಬೇಕಂತ ಮಾಡಿಲ್ಲವಾ. ಹಾರೂದು ಕಲತಾಳ, ನಿಂದ್ರೂದು ಕಲತಿಲ್ಲ. ನಿನ್ನಂಗ ಹೊಡೀಬೇಕಂತ ಹಿತ್ತಲದಾಗ ಹಗ್ಗಾ ಕಟ್ಟಿ ಹಾರತಿರತಾಳ" ಅಂದರು.

ನಾನು ತಲೆ ತಗ್ಗಿಸಿ ಇನ್ನೊಂದು ಕಾಯಿ ಎತ್ತಿಕೊಂಡೆ. ಹೆಂಗಸು ಒಳ್ಳೆಯವರೇ. ಅವರ ಮಗಳಿಗೂ ನನಗೂ ಸಂಬಂಧವಿಲ್ಲ.

ಮನೆಗೆ ಹೊರಡುವ ಮೊದಲು ಆಯಿ ನನ್ನ ಎರಡೂ ಕೈಗೆ ಒಳ್ಳೆಣ್ಣೆ ತಿಕ್ಕಿದಳು. "ಮೊದಲ ಎಣ್ಣಿ, ಆಮ್ಯಾಲ ಸಾಬಣ, ಆಮ್ಯಾಲ ನೀರು. ತಪ್ಪೀತು ಅಂದ್ರ ರಾತ್ರಿ ಎಲ್ಲಾ ಕುಣೀತೀದಿ" ಅಂದಳು. ಎಣ್ಣೆ ವಾಸನೆ ಈಗಲೂ ಹೋಗಿಲ್ಲ, ಡೈರಿಗೂ ಹತ್ತಿದೆ.

30 ಜುಲೈ, ರವಿವಾರ. ಪಂಚಮಿ

ಮನೆ ಮುಂದಿನ ಬೇವಿನ ಗಿಡಕ್ಕೆ ಅಪ್ಪ ಜೋಕಾಲಿ ಕಟ್ಟಿದ್ದಾನೆ. ಓಣಿಯ ಹುಡುಗಿಯರೆಲ್ಲ ನಿಂತು ಜೀಕುತ್ತಿದ್ದರು, ನಾನು ಬಾಗಿಲಲ್ಲಿ ಕೂತು ಶೇಂಗಾ ಉಂಡಿ ತಿನ್ನುತ್ತಿದ್ದೆ.

ಸಂಜೆ ಸ್ಟೀಲ್ ಡಬ್ಬಿ ಹಿಡಿದು ಸಾನಿಯಾ ಬಂದಳು. ಅಂಟಿನ ಉಂಡಿ. "ಅಮ್ಮಿ ಮಾಡ್ಯಾಳ ಅಕ್ಕಾ, ಎಲುಬಿಗೆ ಛಲೋ ಅಂತ" ಅಂದಳು. ಅಂಟಿನ ಉಂಡಿಯನ್ನು ಬಾಣಂತಿಯರಿಗೆ ಕೊಡುತ್ತಾರೆ! ಅಲ್ಲಿದ್ದ ಹುಡುಗಿಯರು ನಕ್ಕು ನಕ್ಕು ಬಿದ್ದರು. "ಹೊಳಿ, ಕೂಸು ಎಲ್ಲೈತವಾ?" ಅಂದಳು ಭುವನಾ. ಅವ್ವ ಮಾತ್ರ ಸಾನಿಯಾಳನ್ನು ಒಳಗೆ ಕರೆದು ಚಾಪೆ ಹಾಸಿ, ಐದು ನಮೂನಿ ಉಂಡಿ ಇಟ್ಟು, ತಿನ್ನುವ ತನಕ ಬಿಡಲಿಲ್ಲ.

ಆಮೇಲೆ ನಾನೇ ಹೇಳಿದೆ, ಜೋಕಾಲಿಯ ಮೇಲೆ ನನ್ನನ್ನು ಕೂರಿಸಿ ಯಾರಾದರೂ ತೂಗಿರಿ ಅಂತ. ಬೇರೆ ಯಾರೂ ಮುಂದೆ ಬರಲಿಲ್ಲ, ಅವಳು ಬಂದಳು. ತೂಗುವುದೋ, ಕೂಸಿನ ತೊಟ್ಟಿಲು ತೂಗಿದ ಹಾಗೆ. "ಜೋರಾಗಿ ತೂಗ, ಕೈ ಸತ್ತಾವೇನು?" ಅಂದೆ. ಅವಳು ನಕ್ಕಳು. ಜೋರಾಗಿ ತೂಗಿದಳು. ಪ್ಲಾಸ್ಟರಿನ ಕಾಲು ಬೇವಿನ ಎಲೆಗೆ ತಾಗಿ ಬಂತು.

ಇದು ದೋಸ್ತಿ ಅಲ್ಲ. ಹಬ್ಬದ ದಿನ ಅಂತ ಮಾತಾಡಿದೆ, ಅಷ್ಟೇ.

ಅಂಟಿನ ಉಂಡಿ ಮಾತ್ರ ಬಹಳ ಚೆನ್ನಾಗಿದೆ. ಆಯಿ ಕಾಣದಂತೆ ಮೂರು ತಿಂದೆ.

14 ಆಗಸ್ಟ್, ಸೋಮವಾರ

ಪ್ಲಾಸ್ಟರ್ ಬಿಚ್ಚಿದರು. ಒಳಗಿನಿಂದ ಬಂದದ್ದು ನನ್ನ ಕಾಲೇ ಅಲ್ಲ. ಬೆಳ್ಳಗೆ, ಸಣ್ಣಗೆ, ಬಲಗಾಲಿನ ತಂಗಿಯಂತಿದೆ. ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಭುಜ ಹಿಡಿದು ನಡೆದೆ. ಸುಮ್ಮನೆ ನಡೆದದ್ದಕ್ಕೇ ಅಪ್ಪ ಗಿರ್ಮಿಟ್ ಕೊಡಿಸಿದ.

ಡಾಕ್ಟರು ಬಿಸಿನೀರಿನಲ್ಲಿ ಕಾಲಿಟ್ಟು ಪಾದ ತಿರುಗಿಸುವುದನ್ನು ತೋರಿಸಿದ್ದಾರೆ. ಗಣೇಶನ ಹಬ್ಬದ ನಂತರ ನಿಧಾನವಾಗಿ ಓಡಬಹುದು. ನೋವಿಲ್ಲದಿದ್ದರೆ ಆಮೇಲೆ ಹಾರಬಹುದು. ಹಾರಬಹುದು! ಬಸ್ಸಿನಲ್ಲಿ ಮೋಟೆಬೆನ್ನೂರು ದಾಟುವ ತನಕ ಅದೊಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು.

2 ಸೆಪ್ಟೆಂಬರ್, ಶನಿವಾರ

ತಾಲೂಕು ಮಟ್ಟದಲ್ಲಿ ಗೆದ್ದರು.

ನಾನಿಲ್ಲದೇ ಗೆದ್ದರು. ಸ್ಕೋರ್ ನಾನೇ ಬರೆದೆ. ಎಲ್ಲರೂ ಕುಣಿದರು, ನಾನೂ ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತೆ.

6 ಸೆಪ್ಟೆಂಬರ್, ಬುಧವಾರ

ಇವತ್ತು ಆಡಿದೆ. ಅಂದರೆ ಆಡಿದಂತೆ ಮಾಡಿದೆ.

ಸರ್ವ್ ಸರಿ ಬಿತ್ತು. ಕೆಳಗೆ ಬಂದ ಚೆಂಡನ್ನೂ ತೆಗೆದೆ. ಸರ್ ಖುಷಿಯಾಗಿ, "ಬಾರವಾ ಹೊಳಿ, ನಿನ್ನ ಜಾಗಕ್ಕ ಬಾ" ಅಂತ ಎಡಗಡೆ ನಿಲ್ಲಿಸಿದರು. ಕೈಸರ ಎತ್ತಿಕೊಟ್ಟಳು, ಥೇಟ್ ಮೊದಲಿನಂತೆ. ಚೆಂಡು ಮೇಲೆ ಕಾದಿತ್ತು. ನಾನು ಓಡಿ ಬಂದೆ, ಕೈ ಎತ್ತಿದೆ, ಕಾಲು ಮಾತ್ರ ನೆಲ ಬಿಡಲಿಲ್ಲ. ಚೆಂಡು ನನ್ನ ಮುಂದೆಯೇ ಟಪ್ಪನೆ ಬಿತ್ತು.

ಎರಡನೇ ಸಲವೂ ಹಾಗೇ. ಮೂರನೇ ಸಲವೂ.

"ಯಾಕವಾ?" ಅಂದರು ಸರ್.

"ಕಾಲು ನೋಯಾಕತ್ತೈತ್ರಿ ಸರ್" ಅಂದೆ.

ಕಾಲು ನೋಯುತ್ತಿಲ್ಲ. ಒಂದು ಚೂರೂ ನೋಯುತ್ತಿಲ್ಲ. ಹಾರುವುದಕ್ಕೆ ನನಗೇನೂ ಹೆದರಿಕೆಯಿಲ್ಲ, ಇಳಿಯುವುದಕ್ಕೆ ಹೆದರಿಕೆ. ಮೇಲೆ ಹೋದ ಮೇಲೆ ಕೆಳಗೆ ಏನಿದೆಯೋ ಯಾರು ಬಲ್ಲರು. ಆ ಟಕ್ ಅನ್ನುವ ಶಬ್ದ ಕಿವಿಯಲ್ಲೇ ಕೂತಿದೆ. ಮನೆಗೆ ಬರುತ್ತ ಮೈದಾನದಲ್ಲಿ ಹರಳು ಬಹಳ, ಬೂಟು ಬಿಗಿ ಅಂತ ಏನೇನೋ ಹೇಳಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಜಿಲ್ಲಾ ಮ್ಯಾಚಿಗೆ ಇನ್ನು ಎರಡು ವಾರ ಚಿಲ್ಲರೆ. ಹಾರದಿದ್ದರೆ ಎಡಗಡೆಯ ಜಾಗ ಹೋಯಿತು, ಶಾಲೆಯ ಆಟವೂ ಮುಗಿಯಿತು. ಯಾರಿಗೂ ಹೇಳುವಂತಿಲ್ಲ.

9 ಸೆಪ್ಟೆಂಬರ್, ಶನಿವಾರ

ಅಯ್ಯೋ ಶಿವನೇ. ಇವತ್ತು ನಾನು ಮಾಡಿದ ಕೆಲಸಕ್ಕೆ ಊರು ಬಿಟ್ಟು ಓಡಿಹೋಗಬೇಕು.

ಬೆಳಗಿನ ಶಾಲೆ ಮುಗಿಸಿ ಆಯಿಯ ಗೋದಾಮಿಗೆ ಹೋಗಿದ್ದೆ. ಈಗ ಕರೆಯದಿದ್ದರೂ ಹೋಗುತ್ತೇನೆ, ಮುಮ್ತಾಜ ಚಾಚಿಯ ಮಾತು ಕೇಳುತ್ತ ಕೂತರೆ ಹೊತ್ತು ಹೋಗುತ್ತದೆ. ನಾಲ್ಕಕ್ಕೆ ಪ್ರ್ಯಾಕ್ಟೀಸ್. ಸಾನಿಯಾ ಬರುವ ಮೊದಲೇ ಹೋಗಿ ಎಡಗಡೆ ನಿಂತುಬಿಡಬೇಕು, ಇವತ್ತಾದರೂ ಹಾರಬೇಕು ಅಂತ ಅವಸರ. ಎಣ್ಣೆ ಹಚ್ಚಲಿಲ್ಲ. ನಳದಲ್ಲಿ ಕೈ ಒದ್ದೆ ಮಾಡಿ, ಲಂಗಕ್ಕೆ ಒರೆಸಿಕೊಂಡು ಓಡಿದೆ. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಹುಟ್ಟಿದಾಗಿನಿಂದ ಅದರ ಜೊತೆಯೇ ಇರುವ ನಮಗೆ ಅದರ ಹೆದರಿಕೆ ಎಲ್ಲಿಯದು? ಆದರೆ ಇವತ್ತು ಗುಡ್ಡೆ ಹಾಕಿದ್ದು ಗುಂಟೂರಿನ ಕಾಯಿ. ಆಯಿ ಬೆಳಿಗ್ಗೆಯೇ ಹೇಳಿದ್ದಳಂತೆ. ನಾನು ಮಾತಿನ ಭರದಲ್ಲಿ ಕೇಳಿಸಿಕೊಂಡಿರಲಿಲ್ಲ.

ಸರ್ವ್ ಎಲ್ಲ ನಾನೇ ಮಾಡಿದೆ. ಚೆಂಡು ನನ್ನ ಬೆವರು ಕೈಯಿಂದ ಎಲ್ಲರ ಕೈಗೂ ಹೋಯಿತು. ಬಿಸಿಲು, ಬೆವರು. ಮೊದಲು ಭುವನಾ ಕಣ್ಣು ಒರೆಸಿಕೊಂಡು "ಉರೀ" ಅಂದಳು. ಆಮೇಲೆ ಕೈಸರ. ಆಮೇಲೆ ಸರ್ ಬಾಯಿಗೆ ಸೀಟಿ ಇಟ್ಟುಕೊಂಡವರು ಥೂ ಥೂ ಅಂತ ಅದನ್ನು ಎಸೆದರು. ಎಲ್ಲರಿಗಿಂತ ಹೆಚ್ಚಾದದ್ದು ಸಾನಿಯಾಗೆ. ಅವಳು ಎರಡೂ ಅಂಗೈಯಿಂದ ಮುಖ ತಿಕ್ಕಿಕೊಳ್ಳುವವಳು. "ಅಮ್ಮೀ" ಅಂತ ಕಿರುಚಿ ನೆಲಕ್ಕೆ ಕೂತುಬಿಟ್ಟಳು.

ನಾನು ಅವಳನ್ನು ಹಿಡಿದುಕೊಂಡು ನಮ್ಮ ಮನೆಗೆ ಓಡಿದೆ. ಕಾಲಿನ ಯೋಚನೆಯೇ ಇಲ್ಲದೆ ಓಡಿದೆ ಅನ್ನುವುದು ಈಗ ಬರೆಯುವಾಗ ನೆನಪಾಗುತ್ತಿದೆ. ಅಷ್ಟರಲ್ಲಿ ಆಯಿ ಮನೆಗೆ ಬಂದಿದ್ದಳು. "ತಿಕ್ಕಬ್ಯಾಡವಾ, ತಿಕ್ಕಬ್ಯಾಡ" ಅನ್ನುತ್ತ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕಣ್ಣು ತೊಳೆದು, ತಣ್ಣನೆ ಹಾಲಿನಲ್ಲಿ ಅದ್ದಿದ ಅರಿವೆಯನ್ನು ರೆಪ್ಪೆಯ ಮೇಲಿಟ್ಟಳು. ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವಂತಿಲ್ಲ. ನಾನು ಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತ ಗೋಡೆಗೆ ಒರಗಿ ನಿಂತಿದ್ದೆ.

ಬಹಳ ಹೊತ್ತಿನ ಮೇಲೆ ಸಾನಿಯಾ ಅರಿವೆಯ ಕೆಳಗಿನಿಂದಲೇ, "ಅಕ್ಕಾ, ಈಗ ಸಮಾ ಆತು" ಅಂದಳು.

"ಏನ್ ಸಮಾ?"

"ನಿನ್ನ ಕಾಲು ನಾ ಮುರದ್ನಿ. ನನ್ನ ಕಣ್ಣು ನೀ ಸುಟ್ಟಿ."

ಆಯಿಗೆ ನಗು ತಡೆಯಲಾಗಲಿಲ್ಲ. ನನಗೂ ನಗು ಬಂತು, ಅದರ ಹಿಂದೆಯೇ ಅಳು ಬಂತು. ಅವಳ ಪಕ್ಕ ಕೂತು, ಯಾರಿಗೂ ಹೇಳದ್ದನ್ನು ಹೇಳಿಬಿಟ್ಟೆ: "ನನ್ನ ಕಾಲು ನೋಯಾಕತ್ತಿಲ್ಲ ಸಾನಿಯಾ. ಇಳಿಯಾಕ ಹೆದರಿಕಿ ಆಕೈತಿ."

ಅವಳು ಅರಿವೆ ತೆಗೆದು ನನ್ನ ಕಡೆ ನೋಡಿದಳು. ಕಣ್ಣು ಎರಡೂ ಹಣ್ಣು ಮೆಣಸಿನಕಾಯಿ. "ನನಗೂ ಅಕ್ಕಾ. ಯಾರರ ನೆಟ್ಟಿನ ಹತ್ರ ಹಾರಿದ್ರ ನಾ ಚೆಂಡು ನೋಡಂಗಿಲ್ಲ, ನನ್ನ ಕಾಲು ನೋಡ್ಕೊಂತೇನಿ. ಮತ್ತ ಯಾರ್ದರ ಮುರದ್ರ ಅಂತ" ಅಂದಳು.

ಇಷ್ಟು ದಿನ ಈ ಹುಡುಗಿ ನನ್ನ ಜಾಗದಲ್ಲಿ ಸುಖವಾಗಿ ನಿಂತಿದ್ದಾಳೆ ಅಂದುಕೊಂಡಿದ್ದೆ.

12 ಸೆಪ್ಟೆಂಬರ್, ಮಂಗಳವಾರ

ಬೆಳಿಗ್ಗೆ ಶಾಲೆ ಶುರುವಾಗುವ ಮುಂಚೆ ನಾವಿಬ್ಬರೇ ಮೈದಾನಕ್ಕೆ ಹೋಗುತ್ತಿದ್ದೇವೆ. ಉಪಾಯ ಸಾನಿಯಾಳದು. ಅವಳು ನೆಟ್ಟಿನ ಆಚೆ ದೂರ ನಿಂತು, "ನೆಲಾ ಖಾಲಿ ಐತಿ ಅಕ್ಕಾ!" ಅಂತ ಕೂಗುತ್ತಾಳೆ. ಆಗ ನಾನು ಹಾರಬೇಕು. ಚೆಂಡು ಗಿಂಡು ಏನಿಲ್ಲ, ಬರೀ ಹಾರುವುದು. ಮೊದಲ ದಿನ ಆಡಿನ ಮರಿಯಷ್ಟು ಹಾರಿದೆ. ಇವತ್ತು ನೆಟ್ಟಿನ ಮೇಲೆ ಮಣಿಕಟ್ಟು ಬಂತು. ಸಾನಿಯಾ ದಿನಾ ಒಂದು ಹೆಜ್ಜೆ ಹತ್ತಿರ ಬಂದು ನಿಲ್ಲುತ್ತಾಳೆ. ಅವಳ ದನಿಯೋ, ಬಸ್‌ಸ್ಟ್ಯಾಂಡಿನ ಏಜೆಂಟರ ದನಿ. ಹಾಲು ಹಾಕುವವನು ಸೈಕಲ್ ನಿಲ್ಲಿಸಿ, "ಏನ್ರವಾ, ಜಾಗಾ ಮಾರಾಕ ಇಟ್ಟೀರೇನು?" ಅಂತ ಕೇಳಿ ಹೋದ.

ಆಮೇಲೆ ಅವಳ ಸರದಿ. ನಾನು ಸರ್ವ್ ಹೇಳಿಕೊಡುತ್ತೇನೆ. ಹೆಡ್‌ಮಾಸ್ತರರ ಕೋಣೆ ಈಗ ಸುರಕ್ಷಿತ.

16 ಸೆಪ್ಟೆಂಬರ್, ಶನಿವಾರ

ಹಾವೇರಿಗೆ ಹೋಗುವ ತಂಡ ಹೇಳಿದರು. ಎಡಗಡೆ ಸಾನಿಯಾ. ನಾನು ಹೆಚ್ಚಿನ ಆಟಗಾರ್ತಿ, ಅಂದರೆ ಬೆಂಚು.

"ಹೊಳಿ, ನೀ ಹಾರಾಕತ್ತೀದಿ, ಖರೇ. ಆದ್ರ ಕೆಳಗ ನೋಡ್ಕೊಂತ ಹಾರತೀದಿ. ಚೆಂಡು ಮ್ಯಾಲ ಇರತೈತವಾ" ಅಂದರು ಸರ್. ಮೆತ್ತಗೆ ಹೇಳಿದರು. ಗದರಿಸಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಸಾನಿಯಾ ಎದ್ದು, "ಸರ್, ನಾ ಆಡಂಗಿಲ್ರಿ. ಅಕ್ಕನ ಜಾಗಾ ಅದು, ಅಕ್ಕನ ಆಡ್ಲಿ" ಅಂದಳು. ನನಗೆ ಎಲ್ಲಿತ್ತೋ ಸಿಟ್ಟು. "ನನಗ ಭಿಕ್ಷಾ ಹಾಕಾಕ ಬಂದೀದಿಯೇನ?" ಅಂತ ಎಲ್ಲರೆದುರಿಗೇ ಕೂಗಿ ಬಂದುಬಿಟ್ಟೆ.

ಕೂಗಬಾರದಿತ್ತು.

18 ಸೆಪ್ಟೆಂಬರ್, ಸೋಮವಾರ

ಬೆಳಿಗ್ಗೆ ಅವಳು ಬರುವುದಿಲ್ಲ ಅಂದುಕೊಂಡೇ ಮೈದಾನಕ್ಕೆ ಹೋದೆ. ಬಂದಿದ್ದಳು, ನನಗಿಂತ ಮೊದಲೇ. ಅವಳು ದೂರ ನಿಂತು ನನ್ನನ್ನು ನೋಡಿದಳು. ನಾನು ಚೆಂಡು ಎತ್ತಿಕೊಂಡು, "ಮೊದಲ ನೀ ಹೊಡಿ. ನಾ ಎತ್ತಿಕೊಡ್ತೇನಿ. ಹಾವೇರಿಯೊಳಗ ಮಾನಾ ಕಳೀಬ್ಯಾಡ" ಅಂದೆ. ಅವಳ ಮುಖ ಇಷ್ಟಗಲ ಅರಳಿತು. ಗಂಟೆ ಬಾರಿಸುವ ತನಕ ಎತ್ತಿಕೊಟ್ಟೆ. ಕೈ ನೋಯುತ್ತಿದೆ.

24 ಸೆಪ್ಟೆಂಬರ್, ರವಿವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಬಂದು ಬಿದ್ದವಳಿಗೆ ಊಟದ ಎಚ್ಚರವೂ ಇರಲಿಲ್ಲ.

ಬೆಳಿಗ್ಗೆಯೇ ಹಾವೇರಿಗೆ ಹೋದೆವು. ಮೊದಲೆರಡು ಮ್ಯಾಚ್ ಸಲೀಸಾಗಿ ಗೆದ್ದೆವು. ಸಾನಿಯಾ ಹೊಡೆದದ್ದನ್ನು ನೋಡಬೇಕಿತ್ತು! ಹಾನಗಲ್ಲಿನವರು ಅವಳು ಕೈ ಎತ್ತಿದರೆ ಹಿಂದೆ ಸರಿಯುತ್ತಿದ್ದರು. ನಾನು ಬೆಂಚಿನಿಂದ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡೆ. ಸೀಟಿ ಊದುವ ಪಂಚರು ಎರಡು ಸಲ ಸುಮ್ಮನಿರು ಅಂದರು.

ಫೈನಲ್ ರಾಣೆಬೆನ್ನೂರಿನವರ ಮೇಲೆ. ಒಂದು ಸೆಟ್ ಅವರು, ಒಂದು ಸೆಟ್ ನಾವು. ಮೂರನೇ ಸೆಟ್ಟಿನ ನಡುವೆ ಭುವನಾಳ ಮೀನಖಂಡ ಹಿಡಿದುಕೊಂಡಿತು, ಕುಂಟುತ್ತ ಹೊರಗೆ ಬಂದಳು. ಸರ್ ನನ್ನ ಕಡೆ ನೋಡಿದರು. "ಭುವನಾನ ಜಾಗಕ್ಕ ಇಳಿ. ನಡುವ ನಿಂದ್ರು" ಅಂದರು. ಮೈಕಿನಲ್ಲಿ ನನ್ನ ಹೆಸರನ್ನು ಪೂರ್ತಿಯಾಗಿ ಕೂಗಿದಾಗ ಜನ ನಕ್ಕರು. ನಗಲಿ.

ನಡುವೆ ನಾನು, ಎಡಗಡೆ ಸಾನಿಯಾ. ನಾಲ್ಕಾರು ಚೆಂಡು ಆಡಿದೆ, ಹಾರುವ ಪ್ರಸಂಗ ಬರಲಿಲ್ಲ. ಒಳಗೊಳಗೆ ಬರದಿದ್ದರೇ ಒಳ್ಳೆಯದು ಅನಿಸುತ್ತಿತ್ತು. ಪಾಯಿಂಟು ಅವರಿಗೊಂದು ನಮಗೊಂದು ಏರುತ್ತ ಹೋಗಿ, ಕೊನೆಗೆ ಅವರು ಗೆಲ್ಲಲು ಒಂದೇ ಪಾಯಿಂಟು ಉಳಿಯಿತು.

ಅವರ ಸರ್ವ್ ಜೋರಾಗಿ ಬಂತು. ಹಿಂದಿನವರು ಹೇಗೋ ತೆಗೆದರು. ಕೈಸರ ಎಡವುತ್ತಲೇ ಹೋಗಿ ಎತ್ತಿದ ಚೆಂಡು ಸಾನಿಯಾಗೂ ಹೋಗಲಿಲ್ಲ, ನನಗೂ ಬರಲಿಲ್ಲ, ಇಬ್ಬರ ನಡುವೆ ನೆಟ್ಟಿನ ಅಂಚಿಗೇ ಮೇಲೆದ್ದಿತು. ಸಾನಿಯಾ "ಅಕ್ಕಾ, ನಿಂದೂ!" ಅಂದಳು. ಅಷ್ಟೇ ಕೇಳಿಸಿದ್ದು. ನಾನು ಆಗಲೇ ಮೇಲಿದ್ದೆ. ನೆಟ್ಟಿನ ಆಚೆ ನಾಲ್ಕು ಕೈ ಎದ್ದಿದ್ದು, ಅವುಗಳ ಪಕ್ಕ ಒಂದಿಷ್ಟು ಖಾಲಿ ಜಾಗ ಕಂಡದ್ದು, ಪೂರ್ತಿ ಅಂಗೈ ತುಂಬ ಚೆಂಡು ಸಿಕ್ಕದ್ದು ಚೆನ್ನಾಗಿ ನೆನಪಿದೆ. ಜುಲೈನಿಂದ ಅಂಥ ಹೊಡೆತ ಹೊಡೆದಿರಲಿಲ್ಲ.

ಚೆಂಡು ಅವರ ಕೈಗೆ ತಾಗಿ ತಿರುಗಿ ಬಂದರೆ ತೆಗೆಯಬೇಕು ಅಂತ ಸಾನಿಯಾ ನನ್ನ ಕೆಳಗೆ ಬಂದು ಬಗ್ಗಿ ನಿಂತಿದ್ದಳು. ಸರ್ ಹೇಳಿಕೊಟ್ಟದ್ದೇ ಹಾಗೆ. ನಾನು ಇಳಿದದ್ದು ನೇರ ಅವಳ ಪಾದದ ಮೇಲೆ. ಇಬ್ಬರೂ ಉರುಳಿಬಿದ್ದೆವು.

ಸೀಟಿ ಊದಿದರು. ಜನ ಹೋ ಅಂದರು. ನಾನು ಸಾನಿಯಾಳ ಬೂಟಿನ ಲೇಸು ಕಿತ್ತು, ಕಾಲುಚೀಲ ಎಳೆದು, ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. "ಬೆರಳು ಅಲ್ಲಾಡಿಸು. ಅಲ್ಲಾಡಿಸು ಅಂದ್ನೆಲ್ಲ! ಟಕ್ ಅಂತೇನು? ಕೇಳಿಸ್ತೇನ ನಿನಗ?" ಅಂತ ಕೂಗುತ್ತಿದ್ದೆ. ಅವಳು ಹಲ್ಲು ಕಚ್ಚಿಕೊಂಡು ಬೆರಳು ಅಲ್ಲಾಡಿಸಿದಳು. ಐದೂ ಅಲ್ಲಾಡಿದವು. ಆಗಲೇ ನಾನು ತಲೆ ಎತ್ತಿ ನೋಡಿದ್ದು. ರಾಣೆಬೆನ್ನೂರಿನವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ನನ್ನ ಚೆಂಡು ಗೆರೆಯಿಂದ ಒಂದು ಗೇಣು ಆಚೆ ಬಿದ್ದಿತ್ತಂತೆ. ನಾನು ನೋಡಿಲ್ಲ.

ಸೋತೆವು. ಕೈಸರ ಅತ್ತಳು, ಭುವನಾ ಅತ್ತಳು. ನಾನು ಐಸ್ ಹುಡುಕುತ್ತಿದ್ದೆ. ಮೈದಾನದ ಹೊರಗೆ ಸೋಡಾ ಗಾಡಿಯವನ ಹತ್ತಿರ ಬೇಡಿ ತಂದು, ದುಪಟ್ಟಾದಲ್ಲಿ ಕಟ್ಟಿ ಅವಳ ಪಾದಕ್ಕೆ ಹಿಡಿದೆ. ಸರ್ ಬಂದು ಒತ್ತಿ ನೋಡಿ, ಎಲುಬಿಗೆ ಏನಿಲ್ಲ, ಬರೀ ಉಳುಕು ಅಂದರು. ಆಮೇಲೆ ನನ್ನ ತಲೆಯ ಮೇಲೆ ಮೆಲ್ಲಗೆ ಹೊಡೆದು, "ಒಂದ ಗೇಣು ಒಳಗ ಹೊಡದಿದ್ರ ನಿನ್ನ ಗಂಟೇನು ಹೋಗ್ತಿತ್ತವಾ? ಆದ್ರ ಈ ಸಲ ಮ್ಯಾಲ ನೋಡಿ ಹಾರಿದಿ" ಅಂದರು. ಹೌದಾ? ನನಗೆ ಗೊತ್ತಿಲ್ಲ.

ಬಸ್ಸಿನಲ್ಲಿ ಸಾನಿಯಾಳ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಅವಳು ಬಾಯಿ ತೆರೆದು ನಿದ್ದೆ ಹೋದಳು. ಮನೆಗೆ ಬಿಟ್ಟಾಗ ಮುಮ್ತಾಜ ಚಾಚಿ ಕಾಲು ನೋಡಿ, ನನ್ನನ್ನು ನೋಡಿ, "ಈಗ ಆಕಿಗೂ ಅಂಟಿನ ಉಂಡಿ ಮಾಡ್ಬೇಕೇನವಾ?" ಅಂದರು. ಇವತ್ತು ಬೆಳಿಗ್ಗೆ ಎದ್ದ ಕೂಡಲೇ ಹೋಗಿ ನೋಡಿ ಬಂದೆ. ಮುಂದಿನ ವರ್ಷ ಆ ಜಾಗದಲ್ಲಿ ಅವಳು ಹೇಗೆ ನಿಲ್ಲಬೇಕು, ಇಳಿಯುವಾಗ ಮೊಣಕಾಲು ಹೇಗೆ ಮಡಚಬೇಕು ಅಂತ ಹೇಳುತ್ತ ಕೂತು ಹೊತ್ತಾದದ್ದೇ ತಿಳಿಯಲಿಲ್ಲ.

ವಾಪಸು ಬಂದಾಗ ಆಯಿ ಅಂಗಳದಲ್ಲಿ ಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದಳು. "ನಿನ್ನೆ ಕೇಳಾಕ ಆಗ್ಲಿಲ್ಲ. ಕಾಲು ಹೆಂಗೈತಿ?" ಅಂದಳು.

"ಬಾವು ಐತಿ ಆಯಿ. ಹೆಬ್ಬೆರಳಿನ ಹಿಂದ ಸ್ವಲ್ಪ ನೀಲಿ ಆಗೈತಿ. ಎರಡ ದಿನದಾಗ ಇಳೀತೈತಿ ಅಂತ ಸರ್ ಅಂದಾರ" ಅಂದೆ.

ಆಯಿ ಗಾಬರಿಯಾಗಿ ನನ್ನ ಎಡಗಾಲನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡು, ಹಾಗೆ ತಿರುಗಿಸಿ, ಹೀಗೆ ತಿರುಗಿಸಿ ನೋಡಿದಳು. "ಎಲ್ಲೈತಿ ಬಾವು? ನೆಟ್ಟಗೈತಲ್ಲ!"

"ಇದಲ್ಲ ಆಯಿ, ಸಾನಿಯಾಂದು" ಅಂದೆ.

"ನಾ ನಿನ್ನ ಕಾಲು ಕೇಳಿದ್ನೆವಾ" ಅಂದಳು ಆಯಿ.

ಅದನ್ನು ನೋಡಿಕೊಳ್ಳುವುದೇ ನನಗೆ ಮರೆತುಹೋಗಿತ್ತು.